ತಗ್ಗಿನ ಗದ್ದೆಯ ಚರಗ

ನಾನು ಗಣಿತ ಕಲಿಸುವವಳು. ಎಲ್ಲಿಂದಲೋ ದನಿ ಕೇಳಿಸಿತು ಎಂದು ಯಾರಾದರೂ ಹೇಳಿದರೆ, ಮೊದಲು ಜ್ವರ ನೋಡಿಸಿಕೊಳ್ಳಿ ಅನ್ನುತ್ತಿದ್ದೆ. ಇದನ್ನು ಓದಿ ನೀವೂ ನನಗೆ ಹಾಗೇ ಅಂದರೆ ಬೇಜಾರಿಲ್ಲ.

ಮಿರಜದಿಂದ ಲಿಂಗನೂರಿನ ಕಡೆ ಹೋಗುವ ದಾರಿಯಲ್ಲಿ ನಮ್ಮದೊಂದು ಭತ್ತದ ಗದ್ದೆ ಇತ್ತು, ನೀರು ನಿಲ್ಲುವ ತಗ್ಗು. ಅಪ್ಪ ಹೋದಮೇಲೆ ಅದನ್ನು ನೋಡಿಕೊಂಡವರು ಕಾಕು, ಅಂದರೆ ಚಿಕ್ಕಪ್ಪನ ಹೆಂಡತಿ. ಊರು ಬೆಳೆದು ಅಲ್ಲಿಗೂ ಬಂತು. ಅಣ್ಣಂದಿರು ಪ್ಲಾಟು ಹಾಕಿಸಿ ಮಾರಲು ಹೊರಟಾಗ ನಾನು ಹಕ್ಕು ಬಿಟ್ಟ ಪತ್ರಕ್ಕೆ ನಗುನಗುತ್ತಲೇ ಸಹಿ ಹಾಕಿದೆ. ತವರಿನ ಜೊತೆ ಮನಸ್ತಾಪ ಬೇಡವೆಂದು ಹೆಣ್ಣುಮಕ್ಕಳು ಹಾಕುವ ಸಹಿ ಅದು. ಕಾಕು ಬೈದಿದ್ದರೆ ಚೆನ್ನಾಗಿತ್ತು.

ಮೂರನೆಯ ವರ್ಷ ಶೀಗಿ ಹುಣ್ಣಿಮೆಗೆ ಅವರು ಕಡಬಿನ ಬುಟ್ಟಿ ಹಿಡಿದು ನಮ್ಮ ಮನೆಗೆ ಬಂದರು. ತೆನೆ ಕಟ್ಟುವ ಕಾಲಕ್ಕೆ ಭೂಮಿ ಬಸುರಿ. ಅವಳ ಬಯಕೆ ತೀರಿಸಲು ಹೊಲದ ತುಂಬ ಎಡೆ ಚೆಲ್ಲುವುದೇ ಚರಗ. ಮುಂದಿನವರು ‘ಹುಲ್ಲುಲ್ಲಿಗೋ’ ಎಂದು ಕೂಗಿ ಚೆಲ್ಲಿದರೆ, ಹಿಂದಿನವರು ‘ಚಲ್ಲಾಂಬರಿಗೋ’ ಎನ್ನುತ್ತ ನೀರು ಚಿಮುಕಿಸಬೇಕು. ಓಗೊಡದಿದ್ದರೆ ಎಡೆ ಅವಳಿಗೆ ಮುಟ್ಟುವುದಿಲ್ಲ ಎಂಬುದು ಕಾಕುವಿನ ನಂಬಿಕೆ.

“ಕಾಕು, ಅಲ್ಲಿ ಈಗ ಮನಿ ಕಟ್ಯಾರ್ರಿ,” ಅಂದೆ.

“ಮನಿ ಮ್ಯಾಲದಾವ. ನೆಲ ಬುಡಕ ಐತಿ. ಎರಡ ವರ್ಷ ಅಕಿನ್ನ ಉಪಾಸ ಇಟ್ಟೇವಿ, ನಡಿ.”

ಮಟಮಟ ಮಧ್ಯಾಹ್ನ. ಸಿಮೆಂಟು ರಸ್ತೆಯಲ್ಲಿ ಕಾಕು ಬದುವಿನ ಮೇಲೆ ನಡೆಯುವಂತೆ ಹೆಜ್ಜೆ ಮುಂದೆ ಹೆಜ್ಜೆ ಇಟ್ಟು ನಡೆದರು. ಬಾಲ್ಕನಿಗಳಲ್ಲಿ ಜನ ನಿಂತು ನೋಡುತ್ತಿದ್ದರು. ಕೆಲವರು ನನ್ನ ವಿದ್ಯಾರ್ಥಿಗಳ ತಾಯಂದಿರು. ಕಾಕು ಕೂಗಿದರು. ನಾಚಿಕೆಯಿಂದ ಓಗೊಡದೆ ನಾನು ನೀರನ್ನಷ್ಟೇ ಚಿಮುಕಿಸಿದೆ.

ಆಗ ನನ್ನ ಬೆನ್ನ ಹಿಂದಿನಿಂದ, ನೆಲದ ಮಟ್ಟದಿಂದ, ಉತ್ತರ ಬಂತು. ನಾಟಿ ಹಚ್ಚುತ್ತ ಬಗ್ಗಿದ ಹೆಂಗಸರು ತಲೆ ಎತ್ತದೆ ಓಗೊಟ್ಟ ಹಾಗೆ: ‘ಚಲ್ಲಾಂಬರಿಗೋ.’ ತಿರುಗಿ ನೋಡಿದೆ. ನಿಲ್ಲಿಸಿದ್ದ ಒಂದು ಸ್ಕೂಟರ್ ಬಿಟ್ಟರೆ ರಸ್ತೆ ಖಾಲಿ. ಕಾಕು ಕೂಗಿದಾಗಲೆಲ್ಲ ಹಾಗೇ ಆಯಿತು. ಪ್ರತಿಧ್ವನಿ ಅನ್ನೋಣವೆಂದರೆ, ಅದು ಕಾಕುವಿನ ಮಾತನ್ನೇ ಮರಳಿಸಬೇಕಿತ್ತಲ್ಲ?

ಬುಟ್ಟಿ ಬರಿದಾದಾಗ ಕಾಕು ನನ್ನ ಗಲ್ಲ ಸವರಿದರು. “ಛಲೋ ಓಗೊಟ್ಟಿ ಮಗಳ. ಅಕಿ ಉಂಡ್ಳು.”

ನಾನು ಬಾಯಿ ತೆರೆದಿರಲಿಲ್ಲ ಎಂದು ಹೇಳಲಾಗಲಿಲ್ಲ. ಆ ಚಳಿಗಾಲದಲ್ಲೇ ಅವರು ತೀರಿಕೊಂಡರು.

ಮರುವರ್ಷ ನಾನೊಬ್ಬಳೇ ಹೋಗಿ, ನಾಚಿಕೆ ಬಿಟ್ಟು ಗಟ್ಟಿಯಾಗಿ ‘ಹುಲ್ಲುಲ್ಲಿಗೋ’ ಎಂದು ಕೂಗಿ ನಿಂತೆ. ಎಷ್ಟು ಹೊತ್ತು ಕಾದರೂ ಏನೂ ಕೇಳಿಸಲಿಲ್ಲ. ಕೊನೆಗೆ ಮೇಲಿನ ಬಾಲ್ಕನಿಯಿಂದ ಒಬ್ಬ ಹೆಂಗಸು ಬಗ್ಗಿ, ಯಾರು ಬೇಕಾಗಿತ್ತು ಎಂದು ಮರಾಠಿಯಲ್ಲಿ ಕೇಳಿದಳು. ಯಾರೆಂದು ಹೇಳಲಿ?