ಮೊದಲ ಸಾಲಿನ ಹೆಬ್ಬೆಟ್ಟು

ಮೊಸರಲ್ಲಿ ಕಲ್ಲು ಹುಡುಕುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಕಲ್ಲಿದ್ದರೆ ಇದೆ, ಇಲ್ಲದಿದ್ದರೆ ಇಲ್ಲ ಎನ್ನುವವರು ಮಾತ್ರ ಒಬ್ಬರೇ ಸಿಕ್ಕಿದ್ದು. ಖಜಾನೆ ಕಚೇರಿಯಲ್ಲಿ ನನ್ನ ಪಕ್ಕದ ಮೇಜಿನವರು. ಕಾಗದದ ಮೇಲೆ ಹಿರಿಯ ಗುಮಾಸ್ತರು, ಎಲ್ಲರ ಬಾಯಲ್ಲೂ ಕೊಕ್ಕೆ ಮೇಷ್ಟ್ರು.

ಸರ್ಕಾರ ಯಾರಿಗೆ ಹಣ ಕೊಡಬೇಕಿದ್ದರೂ ಬಿಲ್ಲು ನಮ್ಮ ಕಚೇರಿಗೆ ಬರಬೇಕು. ಮೇಷ್ಟ್ರು ಅದನ್ನು ಓದಿ ಸರಿಯಿದ್ದರೆ ಸಹಿ ಮಾಡುತ್ತಾರೆ. ತಪ್ಪಿದ್ದರೆ ಕೆಂಪು ಶಾಯಿಯಲ್ಲಿ ಆಕ್ಷೇಪಣೆ ಬರೆದು ನನ್ನ ಕಡೆ ತಳ್ಳುತ್ತಾರೆ. ವಾಪಸಿನ ಪುಸ್ತಕದಲ್ಲಿ ಅದನ್ನು ಬರೆದು ಕಳಿಸುವ ಕೆಲಸ ನನ್ನದು. ಹನ್ನೊಂದು ವರ್ಷ ಹೀಗೇ ಕಳೆಯಿತು. ಚಪ್ಪಲಿ ಮೇಜಿನ ಕೆಳಗೆ ಬಿಟ್ಟು, ಜೇಬಿನಲ್ಲಿ ಎರಡು ಪೆನ್ನು, ಎದುರಿಗೆ ಬಿಸಿನೀರಿನ ಫ್ಲಾಸ್ಕು ಇಟ್ಟುಕೊಂಡು, ಗುಂಡು ಭೂತಗನ್ನಡಿ ಹಿಡಿದು ಕೂತರೆ ಅವರಿಗೆ ಪ್ರಪಂಚ ಬೇಡ. ಹರೆಯದಲ್ಲಿ ಮದುವೆ ಮಾತು ಮೂರು ಸಲ ಬಂದು ಮೂರು ಸಲವೂ ಮುರಿದಿತ್ತಂತೆ. ಮೂರಕ್ಕೂ ಕೊಕ್ಕೆ ಹಾಕಿದ್ದು ಇವರೇ ಅಂತ ಕಚೇರಿಯಲ್ಲಿ ನಗುತ್ತಿದ್ದರು. ಅವರೂ ನಗುತ್ತಿದ್ದರು. ನಿಜವೇನೆಂದರೆ ಅಕ್ಕನನ್ನು ಬಿಟ್ಟು ಬೇರೆ ಮನೆ ಮಾಡೋಣ ಅಂದ ಹೆಣ್ಣುಗಳನ್ನು ಅವರು ಒಪ್ಪಿರಲಿಲ್ಲ. ತಾಯಿ ಸತ್ತ ಮೇಲೆ ಆ ಅಕ್ಕನೇ ಅವರನ್ನು ಸಾಕಿ ಓದಿಸಿದವಳು.

ಇನ್ನು ನಮ್ಮ ಸರ್ಕಾರದ ಸಂಸಾರದ ಮಾತು. ಬರುವುದು ಕಡಿಮೆ, ಹೋಗುವುದು ಜಾಸ್ತಿ, ನಡುವಿನದ್ದಕ್ಕೆಲ್ಲ ಸಾಲ. ಆ ಸಾಲಕ್ಕೂ ಒಂದು ಗೆರೆ ಎಳೆದಿದ್ದಾರೆ. ನಾಡಿನಲ್ಲಿ ವರ್ಷಕ್ಕೆ ನೂರು ರೂಪಾಯಿ ದುಡಿಮೆಯಾದರೆ ಸರ್ಕಾರದ ಕೊರತೆ ಮೂರು ರೂಪಾಯಿ ದಾಟಬಾರದು. ದಾಟಿದರೆ ಸಾಲ ಕೊಡುವವರು ಬಡ್ಡಿ ಏರಿಸುತ್ತಾರೆ, ವಿರೋಧ ಪಕ್ಷದವರು ಸದನದಲ್ಲಿ ಮೇಜು ಕುಟ್ಟುತ್ತಾರೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಅಂತ ಸಚಿವರು ಭಾಷಣ ಬಿಗಿಯುತ್ತಾರೆ. ಹಾಗಂತ ತಮ್ಮ ಕಾಲನ್ನೇನೂ ಮಡಿಸುವುದಿಲ್ಲ. ಲೆಕ್ಕದ ವರ್ಷ ಮುಗಿಯುವ ವಾರ ನಮ್ಮ ಕಚೇರಿಗೆ ಫೋನು ಬರುತ್ತದೆ. ಇವತ್ತು ಇಷ್ಟು ಮಾತ್ರ ಹೋಗಲಿ, ಮಿಕ್ಕಿದ್ದು ನಿಲ್ಲಲಿ. ಎಲ್ಲ ಬಾಯಿಮಾತು, ಬರವಣಿಗೆಯಲ್ಲಿ ಒಂದಕ್ಷರ ಇರುವುದಿಲ್ಲ. ವರ್ಷದೊಳಗೆ ಹಣ ಹೊರಗೆ ಹೋಗದಿದ್ದರೆ ಅದು ಆ ವರ್ಷದ ಖರ್ಚೇ ಅಲ್ಲ. ದುಡಿದವನಿಗೆ ಕೊಡದೆ ಇಟ್ಟುಕೊಂಡದ್ದು ಸಾಲದ ಲೆಕ್ಕಕ್ಕೂ ಬರುವುದಿಲ್ಲ. ಎಂಥ ಜಾಣತನ ನೋಡಿ! ನಾವು ಮನೆಯಲ್ಲಿ ಹೀಗೆ ಮಾಡಿದರೆ ಹಾಲಿನವನು ಬಾಗಿಲಿಗೆ ಬಂದು ಮಾನ ಕಳೆಯುತ್ತಾನೆ.

ಆ ವಾರ ಬಿಲ್ಲು ನಿಲ್ಲಿಸಲು ಮೇಷ್ಟ್ರೇ ಬೇಕು. ಆದರೆ ಅವರದ್ದೊಂದು ಹಟವಿತ್ತು. ಇಲ್ಲದ ತಪ್ಪನ್ನು ಬರೆಯುವವರಲ್ಲ. ಮೊಹರು ಮಸುಕಾಗಿರಬೇಕು, ತಾರೀಕು ತಿದ್ದಿರಬೇಕು, ಸಹಿ ಬಿಟ್ಟುಹೋಗಿರಬೇಕು. ಮನುಷ್ಯರು ಬರೆದ ಕಾಗದ ತಾನೇ, ಹುಡುಕಿದರೆ ಸಿಗುತ್ತಿತ್ತು. ಬಿಲ್ಲು ವಾಪಸಾದವರು ಬಂದು ಕೂಗಾಡಿದರೆ ಕುರ್ಚಿ ಎಳೆದು ಕೂರಿಸಿ, ಎಲ್ಲೆಲ್ಲಿ ತಿದ್ದಬೇಕು ಅಂತ ಹೇಳಿಕೊಡುತ್ತಿದ್ದರು. ಮೇಷ್ಟ್ರು ಅನ್ನುವ ಹೆಸರು ಬಂದದ್ದು ಹಾಗೆ. ಹೊಸ ವರ್ಷದ ಮೊದಲ ವಾರ ಸಚಿವರು ಕೊರತೆ ಇಳಿಸಿದರು ಅಂತ ಪತ್ರಿಕೆಯಲ್ಲಿ ಬಂದರೆ, ಮಡಿಚಿ ನನ್ನ ಮೇಜಿನ ಮೇಲೆ ಹಾಕಿ, "ನೋಡಮ್ಮ, ನಮ್ಮ ಕೆಂಪು ಶಾಯಿ," ಅನ್ನುತ್ತಿದ್ದರು. ಆ ದನಿಯಲ್ಲಿ ಹೆಮ್ಮೆ ಇರಲಿಲ್ಲ, ಬರೀ ಆಯಾಸ.

ಅಕ್ಕನಿಗೆ ಮೂತ್ರಪಿಂಡ ಕೆಟ್ಟು ಎರಡು ವರ್ಷವಾಗಿತ್ತು. ವಾರಕ್ಕೆರಡು ದಿನ ಸರ್ಕಾರಿ ಆಸ್ಪತ್ರೆಯಲ್ಲಿ ಡಯಾಲಿಸಿಸ್. ಮೇಷ್ಟ್ರು ಬೆಳಿಗ್ಗೆ ಆರಕ್ಕೆ ಅವಳನ್ನು ಅಲ್ಲಿ ಮಲಗಿಸಿ, ಅಲ್ಲಿಂದಲೇ ಕಚೇರಿಗೆ ಬರುತ್ತಿದ್ದರು. ಆ ವರ್ಷ ಕೊನೆಯ ವಾರದಲ್ಲಿ ಆಸ್ಪತ್ರೆಯ ಗೋಡೆಗೆ ಚೀಟಿ ಅಂಟಿಸಿದ್ದರು. ಸಾಮಗ್ರಿ ಪೂರೈಸುವವರಿಗೆ ಏಳು ತಿಂಗಳಿಂದ ಹಣ ಸಂದಿಲ್ಲ, ಶುಕ್ರವಾರದೊಳಗೆ ಸಲ್ಲದಿದ್ದರೆ ಸೋಮವಾರದಿಂದ ಯಂತ್ರ ನಡೆಯುವುದಿಲ್ಲ ಅಂತ. ಮೇಷ್ಟ್ರು ನನಗೆ ಅದನ್ನು ಹೇಳಿದ್ದು ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಾ, ಮುಖ ನೋಡದೆ.

"ಖಾಸಗಿ ಆಸ್ಪತ್ರೆಗೆ ಕರ್ಕೊಂಡು ಹೋಗಿ ಮೇಷ್ಟ್ರೇ, ಒಂದೆರಡು ಸಲಕ್ಕೆ," ಅಂದೆ.

"ನಾನು ಹೇಗೋ ಹೋಗ್ತೀನಮ್ಮ. ಅಲ್ಲಿ ಮೂವತ್ತೆರಡು ಹಾಸಿಗೆ ಇದೆ."

ಶುಕ್ರವಾರವೇ ವರ್ಷದ ಕೊನೆಯ ದಿನ. ಆ ಸಾಮಗ್ರಿಯವರ ಬಿಲ್ಲು ಬೆಳಿಗ್ಗೆ ಹತ್ತಕ್ಕೆ ಅವರ ಮೇಜಿಗೇ ಬಂತು. ಹದಿನೆಂಟು ಲಕ್ಷದ ಚಿಲ್ಲರೆ. ಜೊತೆಗೇ ನಮ್ಮ ಅಧಿಕಾರಿ ಬಂದು ನಿಂತರು. ಮನುಷ್ಯ ಕೆಟ್ಟವನಲ್ಲ, ಮೇಲಿನವರ ಫೋನು ಬಂದರೆ ಕೂತಲ್ಲೇ ಎದ್ದು ನಿಲ್ಲುವ ಜಾತಿ.

"ಇದು ಇವತ್ತು ಹೋಗ್ಬಾರ್ದು ಮೇಷ್ಟ್ರೇ. ಏನಾದ್ರೂ ನೋಡಿ."

ಮೇಷ್ಟ್ರು ನೋಡಿದರು. ನಾಲ್ಕು ಸಲ ನೋಡಿದರು. ಭೂತಗನ್ನಡಿಯನ್ನು ಅಂಗಿಯ ತುದಿಯಿಂದ ಒರೆಸಿ ಮತ್ತೆ ನೋಡಿದರು. ಬಿಲ್ಲು ಕನ್ನಡಿಯಷ್ಟು ಚೊಕ್ಕಟವಾಗಿತ್ತು. ಇರದೆ ಏನು ಮಾಡುತ್ತೆ? ಆರು ವರ್ಷ ಈ ಕುರ್ಚಿಯ ಪಕ್ಕದಲ್ಲಿ ಕೂತು ಪಾಠ ಹೇಳಿಸಿಕೊಂಡಿದ್ದ ಆಸ್ಪತ್ರೆಯ ಗುಮಾಸ್ತ ಬರೆದದ್ದು ಅದು. ಊಟದ ಹೊತ್ತಿಗೆ ಅಧಿಕಾರಿ ಮತ್ತೆ ಬಂದರು.

"ತಪ್ಪಿಲ್ಲ ಸಾರ್," ಅಂದರು ಮೇಷ್ಟ್ರು.

"ಇಲ್ದಿದ್ರೆ ಮಾಡಿ. ಇಷ್ಟು ವರ್ಷ ಸರ್ವಿಸಾಗಿದೆ, ನಿಮಗೆ ನಾನು ಹೇಳ್ಕೊಡ್ಬೇಕಾ?"

"ಇಲ್ಲದ್ದನ್ನ ಬರೆಯೋದಿಲ್ಲ ಸಾರ್. ಅದೂ ಅಲ್ದೆ ನಮ್ಮಕ್ಕ ಅದೇ ಯಂತ್ರದ ಮೇಲೆ ಮಲಗೋದು."

ಅಧಿಕಾರಿ ಕರವಸ್ತ್ರ ತೆಗೆದು ಕತ್ತು ಒರೆಸಿಕೊಂಡರು. ಆಮೇಲೆ ಮೆಲ್ಲಗೆ, ಬಹಳ ಮರ್ಯಾದೆಯಿಂದಲೇ ಹೇಳಿದರು: "ಆಯ್ತು, ಕಳಿಸಿ. ಆದ್ರೆ ನನಗೆ ಕೊಟ್ಟಿರೋ ಮೊತ್ತ ಒಂದೇ. ಇದು ಹೋದ್ರೆ ಅಷ್ಟೇ ದೊಡ್ಡದು ಇನ್ನೊಂದು ನಿಲ್ಬೇಕು. ಯಾವುದು ಅಂತ ನೀವೇ ಹೇಳಿ."

ಮೇಜಿನ ಮೇಲಿನ ತಟ್ಟೆಯಲ್ಲಿ ಉಳಿದಿದ್ದವೆಲ್ಲ ಚಿಲ್ಲರೆ ಬಿಲ್ಲು. ಅಷ್ಟು ದೊಡ್ಡದು ಒಂದೇ ಒಂದಿತ್ತು. ಊರಿನ ಸರ್ಕಾರಿ ಕಚೇರಿಗಳನ್ನೆಲ್ಲ ಗುಡಿಸುವ ಅರವತ್ತೆರಡು ಹೆಂಗಸರ ಮೂರು ತಿಂಗಳ ಕೂಲಿ. ಕೂಲಿ ಪಟ್ಟಿಯ ಮೊದಲ ಸಾಲಿನ ಹೆಬ್ಬೆಟ್ಟು ನಮ್ಮ ಕಚೇರಿಯ ಗುಡಿಸೋ ಅಕ್ಕನದ್ದು. ಎಲ್ಲರಿಗಿಂತ ಹಳಬಳು, ಅದಕ್ಕೆ ಮೊದಲು. ದಿನಾ ಬೆಳಿಗ್ಗೆ ಮೇಷ್ಟ್ರ ಫ್ಲಾಸ್ಕಿಗೆ ಬಿಸಿನೀರು ತುಂಬಿಸಿಡುವವಳೂ ಅವಳೇ.

ಮೇಷ್ಟ್ರು ಪಟ್ಟಿಯನ್ನು ಹಾಳೆ ಹಾಳೆ ತಿರುವಿದರು. ಅರವತ್ತೆರಡು ಹೆಬ್ಬೆಟ್ಟು, ಅರವತ್ತೆರಡೂ ಸ್ವಚ್ಛ. ಒಟ್ಟು ಕೂಡಿದ್ದು ಸರಿ, ಮೊಹರು ಸರಿ, ಸಹಿ ಸರಿ. ಗಡಿಯಾರ ಮೂರೂಮುಕ್ಕಾಲು ತೋರಿಸುತ್ತಿತ್ತು. ನಾಲ್ಕಕ್ಕೆ ಹಣ ಪಾವತಿಯ ಕಿಟಕಿ ಮುಚ್ಚುತ್ತಾರೆ. ಅವರು ಮತ್ತೆ ಮೊದಲ ಹಾಳೆಗೆ ಬಂದು, ಕೆಂಪು ಪೆನ್ನು ತೆಗೆದು ಬರೆದರು: 'ಸಾಲು ಒಂದು, ಹೆಬ್ಬೆಟ್ಟಿನ ಗುರುತು ಅಸ್ಪಷ್ಟ. ಹೊಸದಾಗಿ ಪಡೆದು ಸಲ್ಲಿಸುವುದು.' ಆಸ್ಪತ್ರೆಯ ಬಿಲ್ಲಿಗೆ ಸಹಿ ಮಾಡಿ, ಎರಡನ್ನೂ ನನ್ನ ಕಡೆ ತಳ್ಳಿದರು.

ನಾನು ಆ ಹೆಬ್ಬೆಟ್ಟನ್ನು ನೋಡಿದೆ. ಗೆರೆ ಗೆರೆ ಎಣಿಸಬಹುದಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅನ್ನುತ್ತಾರಲ್ಲ, ನನ್ನ ಕಣ್ಣೆದುರೇ ಬರೆ ಬಿತ್ತು. ನನಗೆ ಮೂಗಿನ ತುದಿಯಲ್ಲೇ ಸಿಟ್ಟು ಅಂತ ಎಲ್ಲರೂ ಹೇಳುತ್ತಾರೆ. ಆ ಸಿಟ್ಟು ಅವತ್ತು ಎಲ್ಲಿ ಹೋಗಿತ್ತೋ! ಮೂವತ್ತೆರಡು ಹಾಸಿಗೆ ನೆನಪಾಯಿತು. ಮೇಷ್ಟ್ರ ಮುಖ ನೋಡಲು ಆಗಲಿಲ್ಲ. ವಾಪಸಿನ ಪುಸ್ತಕ ತೆರೆದು ದಾಖಲು ಮಾಡಿದೆ. ಅವರೊಬ್ಬರೇ ಮಾಡಿದರು ಅಂತ ನಾನು ಯಾವತ್ತೂ ಹೇಳುವುದಿಲ್ಲ.

ಸೋಮವಾರ ಯಂತ್ರ ನಡೆಯಿತು. ಅಕ್ಕ ಮಲಗಿಕೊಂಡೇ, "ಯಾರ ಪುಣ್ಯವೋ ಕಣೋ," ಅಂದಳಂತೆ. ಆ ವಾರದ ಪತ್ರಿಕೆಯಲ್ಲಿ ಸಚಿವರು ನಗುತ್ತಿದ್ದರು. ಕೊರತೆ ನೂರಕ್ಕೆ ಎರಡು ರೂಪಾಯಿ ತೊಂಬತ್ತೆಂಟು ಪೈಸೆಗೆ ನಿಂತಿತ್ತು. ಮೇಷ್ಟ್ರು ಪತ್ರಿಕೆಯನ್ನು ನನ್ನ ಮೇಜಿಗೆ ಹಾಕಲಿಲ್ಲ. ಮಡಿಚಿ ಕಿಟಕಿಯ ಸಂದಿಗೆ ಸಿಕ್ಕಿಸಿಬಿಟ್ಟರು.

ಹೊಸ ಕೂಲಿ ಪಟ್ಟಿ ಬರಲು ಹದಿನಾರು ದಿನ ಹಿಡಿಯಿತು. ಅಷ್ಟು ದಿನವೂ ಗುಡಿಸೋ ಅಕ್ಕ ಎಂದಿನಂತೆ ಫ್ಲಾಸ್ಕು ತುಂಬಿಸಿಟ್ಟಳು. ಮೇಷ್ಟ್ರು ಅದರ ಮುಚ್ಚಳ ತೆಗೆಯಲಿಲ್ಲ. ಸಂಜೆ ನಾನೇ ನೀರು ಚೆಲ್ಲಿ ಬರುತ್ತಿದ್ದೆ. ಹದಿನೇಳನೆಯ ದಿನ ಅವಳು ಪೊರಕೆ ಗೋಡೆಗೊರಗಿಸಿ ಅವರ ಮೇಜಿನ ಮುಂದೆ ಬಂದು ನಿಂತಳು. ಬಲಗೈ ಹೆಬ್ಬೆರಳು ಕೆಂಪಗೆ ಸುಲಿದಿತ್ತು.

"ಸಾರ್, ಪಟ್ಟಿ ಬಂತಂತಲ್ಲ. ಈ ಸಲ ನನ್ನ ಬೆಟ್ಟು ಸರಿಯಾಗಿ ಬಿದ್ದಿದೆಯಾ, ಸ್ವಲ್ಪ ನೋಡ್ತೀರಾ?"

"ಬೆರಳಿಗೆ ಏನಾಯ್ತಮ್ಮ?"

"ಒತ್ತೋಕೆ ಮೊದ್ಲು ಕಲ್ಲಲ್ಲಿ ಉಜ್ಜಿದೆ ಸಾರ್, ಕೊಳೆ ಹೋಗ್ಲಿ ಅಂತ. ಗುಡಿಸಿ ಗುಡಿಸಿ ಸವೆದುಹೋಗಿದೆ ನೋಡಿ. ನನ್ನೊಬ್ಬಳಿಂದ ಎಲ್ಲರ ಕೂಲಿ ನಿಂತ್ಹೋಯ್ತು ಅಂತ ಅವ್ರೆಲ್ಲ ನನ್ ಜೊತೆ ಮಾತು ಬಿಟ್ಟಿದ್ದಾರೆ. ಒಬ್ಬಳಂತೂ ಮಗಳ ಫೀಸಿಗೆ ಓಲೆ ಅಡ ಇಟ್ಲಂತೆ, ಬಾಯಿಗೆ ಬಂದಂಗೆ ಬೈದ್ಲು. ಬೈಲಿ ಬಿಡಿ. ತಪ್ಪು ನನ್ನದೇ ಅಲ್ವಾ?"

ಮೇಷ್ಟ್ರು ಪಟ್ಟಿ ತೆಗೆದರು. ಭೂತಗನ್ನಡಿ ಮುಟ್ಟಲಿಲ್ಲ. ಮೊದಲ ಸಾಲಿನಲ್ಲಿ ಈ ಸಲ ಗುರುತು ನಿಜವಾಗಿಯೂ ಮಸುಕಾಗಿತ್ತು. ಉಜ್ಜಿದ ಬೆರಳಲ್ಲಿ ಗೆರೆಗಳೇ ಉಳಿದಿರಲಿಲ್ಲ. ಅದರ ಪಕ್ಕ ಸಹಿ ಹಾಕಿದರು.

"ಸರಿಯಾಗಿದೆಯಮ್ಮ," ಅಂದರು. ಆಮೇಲೆ, ನಾನು ಕೂತಲ್ಲಿಗೂ ಕೇಳುವಂತೆ ಹೇಳಿದರು: "ಮೊದಲಿನದೂ ಸರಿಯಾಗೇ ಇತ್ತು. ತಪ್ಪು ನಿನ್ನದಲ್ಲ. ನಾನು ಸುಳ್ಳು ಬರೆದೆ."

ಅವಳು ಅವರ ಮುಖವನ್ನೇ ನೋಡಿದಳು. ಅವರ ಕಣ್ಣಲ್ಲಿ ನೀರು ನೋಡಿ ಅವಳಿಗೇ ಸಂಕೋಚವಾಯಿತು.

"ಅಯ್ಯೋ, ನನ್ನ ಸಮಾಧಾನಕ್ಕೆ ಏನೇನೋ ಹೇಳ್ಬೇಡಿ ಸಾರ್. ನೀವು ಸುಳ್ಳು ಬರೆಯೋರಾ? ಊರಿಗೇ ಗೊತ್ತು."

ಮೇಷ್ಟ್ರು ನನ್ನ ಕಡೆ ತಿರುಗಿದರು, ನೀನಾದರೂ ಹೇಳು ಅನ್ನುವಂತೆ. ನಾನು ಬಾಯಿ ತೆರೆದೆ. "ಹೌದಕ್ಕ, ಅವರು ಹೇಳ್ತಿರೋದು ನಿಜ," ಅಂದೆ. ಅವಳು ನನ್ನನ್ನೂ ನಂಬಲಿಲ್ಲ. ನೀವಿಬ್ಬರೂ ಒಳ್ಳೆಯವರು ಅಂತ ನಕ್ಕು, ಪೊರಕೆ ಎತ್ತಿಕೊಂಡು, ಅವರ ಮೇಜಿನ ಕೆಳಗೆ ಬಗ್ಗಿದಳು.

"ಸ್ವಲ್ಪ ಕಾಲೆತ್ತಿ ಸಾರ್," ಅಂದಳು.

ಮೇಷ್ಟ್ರು ಕಾಲೆತ್ತಿದರು. ಅವಳು ಗುಡಿಸಿ ಮುಂದಿನ ಕೋಣೆಗೆ ಹೋದ ಮೇಲೂ ಅವರು ಕಾಲು ಕೆಳಗಿಡಲು ಮರೆತು ಹಾಗೇ ಕೂತಿದ್ದರು.