ಸುಟ್ಟದ್ದು ತಂತಿ, ಕೆಲಸ ಹೋದದ್ದು ಅವೂರ್ ಅಮ್ಮನದು

ಬೆಳಗಿನ ಐದೂಮುಕ್ಕಾಲು. ಕಿಸುಮು ಪಟ್ಟಣದ ಸರೋವರದ ದಂಡೆ, ಅತಿಥಿಗೃಹವೊಂದರ ಅಡುಗೆಮನೆ. ರಿಪೇರಿಗೆ ಬಂದ ಓಗ್ವೆನೊ ಬೋರಲು ಮಲಗಿದ್ದಾರೆ: ತಲೆ ಪಾತ್ರೆ ತೊಳೆಯುವ ಯಂತ್ರದ ಬುಡದಲ್ಲಿ, ಕಾಲು ಮೀನಿನ ಬುಟ್ಟಿಯ ಪಕ್ಕದಲ್ಲಿ. ಯಂತ್ರ ತಿರುಗುತ್ತದೆ, ನೀರು ಮಾತ್ರ ಕಾಯುವುದಿಲ್ಲ. ತಟ್ಟೆಗಳ ಮೇಲೆ ಮೀನಿನ ಜಿಡ್ಡು ಹಾಗೆಯೇ ಕೂತಿದೆ.

"ನೋಡಿ ಫುಂಡಿ, ಈ ಅಡೊಂಗೊ ಅಮ್ಮ ಒತ್ತಬಾರದ್ದು ಏನೋ ಒತ್ತಿದಾಳೆ," ಎನ್ನುತ್ತಾರೆ ಮ್ಯಾನೇಜರ್ ಬರಾಸ. ಇಲ್ಲಿ ರಿಪೇರಿಯವರೆಲ್ಲ ಫುಂಡಿಗಳೇ. ಪಾತ್ರೆ ತೊಳೆಯುವ ಆಕೆ ಗೋಡೆಗೆ ಒರಗಿ, ಸೊಂಟದ ಬಟ್ಟೆಯ ತುದಿ ಹಿಂಡುತ್ತಿದ್ದಾರೆ.

"ನೀವು ಸ್ವಲ್ಪ ಬಾಯಿಗೆ ಬೀಗ ಹಾಕ್ಕೊಳ್ಳಿ ಸಾರ್. ಮೀಟರ್ ಮಾತಾಡ್ಲಿ."

ಕರೆಂಟು ತೆಗೆದು, ಹೀಟರಿನ ಎರಡೂ ತುದಿಗೆ ಮೀಟರಿನ ಕಡ್ಡಿ ತಾಗಿಸುತ್ತಾರೆ. ಇಪ್ಪತ್ತನಾಲ್ಕು ಓಮ್ ತೋರಿಸುತ್ತದೆ. ಹೀಟರಿಗೆ ಜೀವವಿದೆ.

ಹತ್ತೊಂಬತ್ತು ವರ್ಷದ ಕಸುಬು, ದಿನಕ್ಕೆ ಮೂರು ಯಂತ್ರ. ಶಾಕ್ ಹೊಡೆದು ಎಡಗೈಯ ಎರಡು ಬೆರಳು ಜೋಮು ಹಿಡಿದಿವೆ. ಅವರ ಸಾಧನೆಯನ್ನು ಪತ್ರಿಕೆಗೆ ಬರೆಯಲೆಂದೇ ನಾನು ಬಂದದ್ದು. ಆ ಮಾತು ಎತ್ತಿದರೆ ಅವರ ಮುಖ ಬಾಡುತ್ತದೆ.

"ಆರು ವರ್ಷದ ಹಿಂದೆ ಇದೇ ಥರ ಒಂದು ಹೋಟ್ಲು. ಚೀಲದಲ್ಲಿ ಮೀಟರ್ ಇತ್ತು, ತೆಗೀಲಿಲ್ಲ. ಟೆಸ್ಟರ್ ಇಟ್ಟೆ, ದೀಪ ಉರೀತು. ಕರೆಂಟು ಬರ್ತಿದೆ, ಹೀಟರ್ ಸತ್ತಿದೆ ಅಂದ್ಬಿಟ್ಟೆ. ಹೊಸದು ಹಾಕ್ದೆ. ನೀರು ತಣ್ಣಗೇ! 'ಏನ್ ಫುಂಡಿ, ಐಸ್ ಮಷೀನ್ ಮಾಡ್ಕೊಟ್ಯಾ?' ಅಂತ ಯಜಮಾನ ಎಲ್ರ ಮುಂದೆ ನಕ್ಕ. ಮುಖ ಉಳಿಸ್ಕೋಬೇಕಿತ್ತಲ್ಲ, ತೊಳೆಯೋ ಹೆಂಗಸು ಒಳಗೆ ನೀರು ಚೆಲ್ಲಿದಾಳೆ ಅಂದೆ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಸಂಜೆಯೊಳಗೆ ಆಕೆಯನ್ನು ಕೆಲಸದಿಂದ ತೆಗೆದಾಗಿತ್ತು. ಮರುದಿನ ಓಗ್ವೆನೊಗೆ ನಿಜವಾದ ಕಾಯಿಲೆ ಸಿಕ್ಕಿತು: ಕರೆಂಟು ಹೋಗುವ ತಂತಿ ಸರಿಯಿತ್ತು, ಮರಳುವ ತಂತಿ ಕರಕಲಾಗಿತ್ತು. ಅದಕ್ಕೇ ದೀಪ ಉರಿದಿತ್ತು, ಹೀಟರ್ ಕಾದಿರಲಿಲ್ಲ. ತಂತಿ ಬದಲಾಯಿಸಿ, ಬಾಯಿ ಬಿಡದೆ ಬಂದರು.

"ಆಕೆಯನ್ನ ಹುಡುಕಲಿಲ್ವಾ?" ಎನ್ನುತ್ತೇನೆ.

"ಹೆಂಗೆ ಹುಡುಕ್ಲಿ? ಮಗು ಆದ್ಮೇಲೆ ಹೆಂಗಸಿನ ಹೆಸರು ನಮ್ಮಲ್ಲಿ ಯಾರು ಕೇಳ್ತಾರೆ? ಮಗು ಹೆಸರು ಹಿಡಿದು ಅವೂರ್ ಅಮ್ಮ ಅಂತಿದ್ರು, ಅಷ್ಟೇ. ಸಂತೇಲಿ ನಿಂತು 'ಅವೂರ್ ಅಮ್ಮಾ' ಅಂದ್ರೆ ಹತ್ತು ಜನ ತಿರುಗ್ತಾರೆ. ಕೂಗಿದೀನಿ. ತಿರುಗಿದಾರೆ. ಆಯಮ್ಮ ಇರ್ಲಿಲ್ಲ. ನಾಚ್ಕೆ ಆಗತ್ತೆ ಸಾರ್, ಈಗ್ಲೂ."

ನನಗೂ ನಾಚಿಕೆಯಾಗುತ್ತದೆ. ಬಂದ ಕೂಡಲೇ ನನಗೆ ಚಹಾ ಕೊಟ್ಟ, ಗೋಡೆಗೆ ಒರಗಿ ನಿಂತ ಆಕೆಯ ಹೆಸರು ನನ್ನ ಟಿಪ್ಪಣಿ ಪುಸ್ತಕದಲ್ಲಿಲ್ಲ.

ಇವತ್ತಿನದೂ ಕರಕಲು ತಂತಿಯೇ. ಕತ್ತರಿಸಿ ಹೊಸ ತುದಿ ಕೂರಿಸುತ್ತಾರೆ. ಅರ್ಧ ಗಂಟೆಗೆ ಬಾಗಿಲ ಸಂದಿಯಿಂದ ಹಬೆ ಏಳುತ್ತದೆ. ಓಗ್ವೆನೊ ಮೊದಲು ಕರೆಯುವುದು ಮ್ಯಾನೇಜರನ್ನಲ್ಲ, ಪಾತ್ರೆ ತೊಳೆಯುವ ಆಕೆಯನ್ನು. ಕಪ್ಪಾದ ತುಂಡನ್ನು ಅವರ ಅಂಗೈಗೆ ಹಾಕುತ್ತಾರೆ.

"ನಿಮ್ ತಪ್ಪಿಲ್ಲ ಅಮ್ಮಾ. ಇದನ್ನ ಮ್ಯಾನೇಜರ್ ಸಾರ್‌ಗೆ ನೀವೇ ತೋರ್ಸಿ. ಹೆಸರೇನು?"

"ಅಡೊಂಗೊ ಅಮ್ಮ."

"ಅದು ಮಗಳ ಹೆಸ್ರಾಯ್ತು. ನಿಮ್ದು?"

ಆಕೆ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಾರೆ. "ಪೆರೆಸ್. ಪೆರೆಸ್ ಅಕೆಲೊ."

ಪತ್ರಿಕೆಯಲ್ಲಿ ಏನು ಬರಬೇಕೆಂದು ಓಗ್ವೆನೊರನ್ನು ಕೇಳುತ್ತೇನೆ. ಫೋಟೋ ಬೇಡವಂತೆ.

"ಒಂದೇ ಮಾತು ಹಾಕಿ. ಅವೂರ್ ಅಮ್ಮ ಏನೂ ಕೆಡಿಸಿರ್ಲಿಲ್ಲ, ಸುಳ್ಳು ಹೇಳಿದ್ದು ಫುಂಡಿ ಓಗ್ವೆನೊ. ಹತ್ತು ಅವೂರ್ ಅಮ್ಮಂದಿರೂ ಓದ್ಲಿ. ಒಬ್ರಿಗೆ ಅದು ತಾನೇ ಅಂತ ಗೊತ್ತಾಗತ್ತೆ."