ಹಿಟ್ಟಿನ ಅಡಿಯಲ್ಲಿದ್ದ ಕಾಗದ

ನಮ್ಮ ದೊಡ್ಡಪ್ಪ ಯುದ್ಧ ಮಾಡಿದ್ದು ಆಲೂಗಡ್ಡೆಯಿಂದ. ನೌಕಾಪಡೆಯ ಸರಬರಾಜು ಹಡಗಿನಲ್ಲಿ ನಾಲ್ಕು ವರ್ಷ ಉಗ್ರಾಣಿಯಾಗಿದ್ದರು. ಶತ್ರುವಿನ ಮುಖ ನೋಡಿದವರಲ್ಲ. ಇಲಿಗಳ ಮುಖವನ್ನು ಮಾತ್ರ ಒಂದೊಂದಾಗಿ ಗುರುತಿಟ್ಟುಕೊಂಡಿದ್ದರು. ಸರಕು ಹೊತ್ತು ಮುದಿಯಾಗಿದ್ದ ಹಡಗಿಗೆ ಬೂದು ಬಣ್ಣ ಬಳಿದು ಯುದ್ಧಕ್ಕೆ ಎಳೆದಿದ್ದರು. ಅದರ ವೇಗ ಎಷ್ಟೆಂದರೆ, ಹಿಂದೆ ಬರುವ ಮೀನುಗಳು ‘ಸ್ವಲ್ಪ ದಾರಿ ಬಿಡ್ರೀ’ ಎಂದು ಗೋಗರೆಯುತ್ತಿದ್ದವಂತೆ. ಯುದ್ಧನೌಕೆಯವರು ಅದನ್ನು ‘ದಿನಸಿ ಅಂಗಡಿ’ ಎಂದು ಆಡಿಕೊಳ್ಳುತ್ತಿದ್ದರು. ಆಡಿಕೊಳ್ಳುವವರಲ್ಲಿ ದೊಡ್ಡಪ್ಪನ ತಮ್ಮ, ಅಂದರೆ ನನ್ನ ಅಪ್ಪ, ಎಲ್ಲರಿಗಿಂತ ಮುಂದು.

ಅಂಗಡಿ ತುಂಬುವುದಕ್ಕೆ ಇದ್ದದ್ದು ಒಂದೇ ನಿಯಮ: ಮೊದಲು ಇಳಿಸಬೇಕಾದ್ದನ್ನು ಕೊನೆಗೆ ಏರಿಸಬೇಕು. ಟಪ್ಪಾಲು ಚೀಲ ಯಾವಾಗಲೂ ಎಲ್ಲದರ ಮೇಲೆ. ಆದರೆ ಆ ದಿನ ಬಂದರಿನಲ್ಲಿ ಜಡಿಮಳೆ. ಅಪ್ಪನ ಹೆಸರಿಗೆ ಅಮ್ಮನ ಕೈಬರಹದ ಲಕೋಟೆಯೊಂದು ಚೀಲದೊಳಗೆ ಬಿದ್ದದ್ದನ್ನು ದೊಡ್ಡಪ್ಪ ನೋಡಿದ್ದರು. ಅಮ್ಮನಿಗೆ ದಿನ ತುಂಬಿದ್ದೂ ಗೊತ್ತಿತ್ತು. ಅಕ್ಷರ ನೆನೆದೀತೆಂದು ಚೀಲವನ್ನು ಮೊದಲೇ ತಳಕ್ಕೆ ಇಳಿಸಿಬಿಟ್ಟರು. ಆಮೇಲೆ ಮೇಲೆತ್ತಿದರಾಯಿತು ಎಂದುಕೊಂಡರು. ಆ ‘ಆಮೇಲೆ’ಯ ಮೇಲೆ ಎಂಟುನೂರು ಮೂಟೆ ಹಿಟ್ಟು ಬಿತ್ತು.

ನಡುಗಡಲಲ್ಲಿ ದಿನಸಿ ಅಂಗಡಿ, ಅಪ್ಪನಿದ್ದ ಯುದ್ಧನೌಕೆ ಎರಡೂ ಅಕ್ಕಪಕ್ಕ ಬಂದವು. ಜಲಾಂತರ್ಗಾಮಿಗಳ ಭಯ, ಅರ್ಧ ಗಂಟೆಯಷ್ಟೇ ಸಮಯ. ಮೂಟೆಗಳು ಹಗ್ಗದಲ್ಲಿ ತೂಗಾಡುತ್ತ ದಾಟುತ್ತಿದ್ದಾಗ ಆಚೆಯಿಂದ ಅಪ್ಪ ಕೂಗಿದ:

“ಅಣ್ಣಾ, ಕಾಗದ ಬಂತಾ?”

“ಬಂದಿದೆ ಕಣೋ! ಹಿಟ್ಟಿನ ಅಡೀಲಿದೆ! ಮುಂದಿನ ಸಲ ಕೊಡ್ತೀನಿ!”

“ಹಿಟ್ಟು ನೀನೇ ಮುಕ್ಕು! ಗಂಡೋ ಹೆಣ್ಣೋ, ಅಷ್ಟು ಹೇಳು!”

“ನಾನೇನು ಒಡೆದು ಓದಿದೀನೇನೋ, ಪೆದ್ದೇ!”

ಅಪ್ಪ ನಗುತ್ತ ಟೋಪಿ ಬೀಸಿದನಂತೆ. ಹಗ್ಗ ಬಿಚ್ಚಿದರು. ಮುಂದಿನ ಸಲ ಗೊತ್ತುಮಾಡಿದ ಜಾಗದಲ್ಲಿ ದಿನಸಿ ಅಂಗಡಿ ಎರಡು ದಿನ ಕಾಯಿತು. ಗಿರಾಕಿ ಮುಳುಗಿ ಆಗಲೇ ವಾರವಾಗಿತ್ತು.

ದೊಡ್ಡಪ್ಪ ಲಕೋಟೆಯನ್ನು ತಂದು ಅಮ್ಮನಿಗೆ ಚಾಚಿದರು. ಅಮ್ಮ ಮುಟ್ಟಲಿಲ್ಲ. “ಅದು ನನಗೆ ಬರೆದಿದ್ದಲ್ಲ ಭಾವ,” ಎಂದಳಂತೆ.

ಯುದ್ಧ ಮುಗಿದ ಮೇಲೆ ಹಡಗು ಇಪ್ಪತ್ತೆರಡು ವರ್ಷ ಕಲ್ಲಿದ್ದಲು ಹೊತ್ತು, ಕಡೆಗೆ ಗುಜರಿ ಸೇರಿತು. ಒಡೆಯುವ ದಿನ ದೊಡ್ಡಪ್ಪ ನನ್ನನ್ನೂ ಎಳೆದುಕೊಂಡು ಹೋದರು. ಮಗ್ಗುಲು ಕತ್ತರಿಸಿದ್ದರಿಂದ ಉಗ್ರಾಣದ ತಳಕ್ಕೆ ಬಿಸಿಲು ಬಿದ್ದಿತ್ತು.

“ಅಗೋ, ಆ ಮೂಲೇಲಿ ಇಟ್ಟಿದ್ದೆ ಕಣೋ ನಿನ್ನ. ಒಂದು ಹನಿ ನೆನೆಯೋಕೆ ಬಿಡಲಿಲ್ಲ,” ಎಂದು ಜೇಬಿನಿಂದ ಲಕೋಟೆ ತೆಗೆದರು. ಅದನ್ನಿನ್ನೂ ಒಡೆದಿರಲಿಲ್ಲ. “ಓದು. ಜೋರಾಗಿ ಓದು, ಆಚೆಗೆ ಕೇಳ್ಬೇಕು.”

ಸಮುದ್ರಕ್ಕೆ ಮುಖ ಮಾಡಿ, ಮೀಸೆ ಬಂದ ಗಂಡಸು ನಾನು, ಕಿರುಚಿದೆ: “ಗಂಡು ಮಗು! ಮೂಗು ನಿಮ್ಮದೇ!”

ಗುಜರಿಯವರು ಸುತ್ತಿಗೆ ನಿಲ್ಲಿಸಿ ನೋಡಿದರು. ದೊಡ್ಡಪ್ಪ ಕಿವಿಗೆ ಕೈಯಾನಿಸಿಕೊಂಡು ಬಹಳ ಹೊತ್ತು ನಿಂತೇ ಇದ್ದರು.